ಕರಿಬೇವಿನ ಕೊಸರು ಯಾವ ಆ್ಯಪಿನಲ್ಲಿದೆ?

ಮಾನ್ಯರೇ,

ಬೆಲೆ ಏರಿಕೆ ಅಳೆಯಲು ಕೇಂದ್ರ ಸರ್ಕಾರದವರು 2024 ಅನ್ನು ಮೂಲ ವರ್ಷವಾಗಿಟ್ಟುಕೊಂಡು ಮಾಡಿದ ಹೊಸ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ದೊಡ್ಡ ನಗರಗಳ ಆನ್‌ಲೈನ್ ದರಗಳನ್ನೂ ಸೇರಿಸಿಕೊಂಡಿದ್ದಾರೆ. ಒಳ್ಳೆಯದೇ. ಹಳೆಯ ಸೂಚ್ಯಂಕ 2011–12ರ ಮನೆಖರ್ಚಿನ ಸಮೀಕ್ಷೆಯನ್ನೇ ನೆಚ್ಚಿಕೊಂಡಿತ್ತು, ಆಗ ಫೋನ್ ಒತ್ತಿ ಹಾಲು ತರಿಸುವವರು ಎಷ್ಟು ಜನ ಇದ್ದರು ಹೇಳಿ? ಆಸ್ಟ್ರೇಲಿಯಾದಲ್ಲಂತೂ 2014ರಿಂದಲೇ ಸೂಪರ್‌ಮಾರ್ಕೆಟ್ ಬಿಲ್ಲಿಂಗ್ ಕೌಂಟರಿನ ಡೇಟಾ ಬಳಸುತ್ತಿದ್ದಾರೆ.

ಆದರೆ ಆ್ಯಪ್‌ಗೆ ಗೊತ್ತಿರುವುದು ಏನು ಮಾರಾಟವಾಯಿತು ಅಂತ ಮಾತ್ರ, ಯಾರ ಮನೆಯಲ್ಲಿ ಏನು ಬೆಂದಿತು ಅಂತಲ್ಲ. ನಮ್ಮ ಬೀದಿಗೆ ಬರುವ ಗಾಡಿಯಾಕೆ ಅರ್ಧ ಕೆಜಿ ಟೊಮೆಟೊ ತೂಗಿ, ಮೇಲೊಂದು ಹಣ್ಣು ಇಟ್ಟು, ಒಂದೆರಡು ಎಸಳು ಕರಿಬೇವನ್ನು ಕೊಸರು ಹಾಕುತ್ತಾರೆ. ಚೌಕಾಸಿ ಬೇರೆ. ಇದಕ್ಕೆಲ್ಲ ಬಿಲ್ಲೇ ಇಲ್ಲ. ರೇಷನ್ ಅಕ್ಕಿಯೂ ಆ್ಯಪಿನ ಲೆಕ್ಕಕ್ಕೆ ಸಿಗುವುದಿಲ್ಲ, ಮನೆಗೆ ಬಂದು ಕೂತು ಕೇಳಿದರೆ ತಾನೇ ಗೊತ್ತಾಗುವುದು? ಕಂಪನಿಗಳ ಡೇಟಾ ಬೇಗ ಸಿಗುತ್ತದೆ ಅಂತ ಸರ್ವೆಗೆ ಹೋಗುವ ಮನೆಗಳನ್ನು ಕಡಿಮೆ ಮಾಡಬೇಡಿ. ಹಾಗೇ, ಆ್ಯಪಿನ ದರ ಎಷ್ಟು, ಸಂತೆಯ ದರ ಎಷ್ಟು ಅಂತ ಬೇರೆ ಬೇರೆಯಾಗಿ ಪ್ರಕಟಿಸಿ. ಸುಮ್ನೆ ಎರಡನ್ನೂ ಕಲಸಿ ಒಂದೇ ಅಂಕಿ ಕೊಟ್ಟರೆ ನಮ್ಮಂಥವರಿಗೆ ಏನು ತಿಳಿಯುತ್ತದೆ?

– ಒಬ್ಬ ಗೃಹಿಣಿ, ತಿಪಟೂರು