ಮಗಳಿಗೊಂದು ಪತ್ರ: ಕಲಶ ಕದಲಿಸದೆ ಹೇಗೆ ಹೋಗೋದು?

ಹರಿಹರ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಪೂರಾ ಬಿದ್ದುಹೋಗಿತ್ತು. "ಘಟಪ್ರಭೆ ಏರ್ತಾ ಇದೆ, ಎಷ್ಟು ಹೇಳಿದರೂ ಜನ ಮನೆ ಬಿಟ್ಟು ಏಳಲ್ಲ ಅಮ್ಮ, ಮೊಂಡರು" ಅಂದೆ. ಗ್ರಾಮ ಆಡಳಿತಾಧಿಕಾರಿ ಆಗಿರೋ ನಿನಗೆ ಈಗ ಅವರನ್ನು ಏಳಿಸೋದೇ ಕೆಲಸ. ನಾನು ಏನೋ ಹೇಳೋಕೆ ಹೋದೆ, ಅಷ್ಟರಲ್ಲಿ ನಿನಗೆ ಇನ್ನೊಂದು ಕರೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಇದರ ಫೋಟೋ ತೆಗೆದು ವಾಟ್ಸ್ಆಪ್‌ನಲ್ಲಿ ಕಳಿಸುತ್ತಾರೆ, ಊಟ ಮಾಡುವಾಗ ಓದು. ಊಟ ಮಾಡು ಮೊದಲು.

2019ರ ಹೊಳೆ ಬಂದಾಗ ನೀನು ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದೆ. ಅಜ್ಜಿ ಹಟ ಮಾಡಿದ್ದಕ್ಕೆ ನಾವು ಮನೆ ಬಿಡೋದು ತಡವಾಯಿತು ಅಂತ ನಿನಗೆ ಹೇಳಿದ್ದೆ. ಅದು ಸುಳ್ಳು. ಅಜ್ಜಿ ಮಧ್ಯಾಹ್ನವೇ ಸೀರೆ ಗಂಟು ಕಟ್ಟಿಕೊಂಡು ಕಟ್ಟೆ ಮೇಲೆ ಕೂತಿದ್ದರು. ಏಳದೇ ಇದ್ದವಳು ನಾನು.

ಅವತ್ತು ಆಗಸ್ಟ್ 9, ವರಮಹಾಲಕ್ಷ್ಮಿ ಹಬ್ಬ. ಬೆಳಿಗ್ಗೆ ಎದ್ದು ಕಲಶ ಇಟ್ಟು, ಸೀರೆ ಉಡಿಸಿ, ಒಬ್ಬಟ್ಟು ಮಾಡಿದ್ದೆ. ಎರಡು ದಿನದಿಂದ ಓಣಿಯಲ್ಲಿ ಆಟೋ ಓಡಾಡುತ್ತಿತ್ತು, "ನದಿ ಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳಬೇಕು" ಅಂತ ಮೈಕಿನಲ್ಲಿ. ಆದರೆ ನಮ್ಮೂರಲ್ಲಿ ಮಳೆ ಎಲ್ಲಿತ್ತು? ಒಂದೊಂದು ಹನಿ, ನಡುನಡುವೆ ಬಿಸಿಲು. ಮಳೆ ಬೀಳೋದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ. ಗಾಜನೂರಿನ ತುಂಗಾ ಡ್ಯಾಂ ಚಿಕ್ಕದು, ಮೂರು ಟಿಎಂಸಿ ಚಿಲ್ಲರೆ. ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಭದ್ರಾ ದೊಡ್ಡದು, 71.5 ಟಿಎಂಸಿ. ಅದು ತುಂಬುವವರೆಗೂ ನಮಗೊಂದು ಧೈರ್ಯ. 186 ಅಡಿ ಹತ್ತಿರ ಬಂದು ಅದರ ಗೇಟೂ ಎತ್ತಿದರೆ, ಎರಡೂ ಹೊಳೆ ಕೂಡಲಿಯಲ್ಲಿ ಸೇರಿ ಹೊನ್ನಾಳಿ ದಾಟಿ ನಮ್ಮ ಮೇಲೇ ಬರುತ್ತವೆ. ಆಮೇಲೆ ಹೊನ್ನಾಳಿಯ ಬಾಲರಾಜ್ ಘಾಟ್, ನಮ್ಮ ಗಂಗಾನಗರ ಪೇಪರಿನಲ್ಲಿ ಬರೋದು ಮಾಮೂಲು. ಅಸಲೆ ಮಳೆ ಈಸಲಾರದ ಹೊಳೆ ಅಂತ ಅಜ್ಜಿ ಅನ್ನೋದು ಸುಮ್ನೆ ಅಲ್ಲ. ಅವತ್ತೂ ಆಶ್ಲೇಷ ಮಳೆಯೇ, ಇವತ್ತೂ ಆಶ್ಲೇಷವೇ.

ಟಿವಿಯಲ್ಲಿ ಲಕ್ಷ ಕ್ಯೂಸೆಕ್ ಅಂತಾರೆ, ಯಾರಿಗೆ ಅರ್ಥವಾಗುತ್ತೆ ಹೇಳು. ಆಮೇಲೊಂದು ದಿನ ನಿಮ್ಮಪ್ಪನ ಹತ್ತಿರ ಲೆಕ್ಕ ಹಾಕಿಸಿದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ನಮ್ಮ ಸ್ಟೀಲ್ ಕೊಡ 14 ಲೀಟರ್ ಹಿಡಿಸುತ್ತೆ ಅಂದುಕೊಂಡರೂ, ಲಕ್ಷ ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಎರಡು ಲಕ್ಷ ಕೊಡ. ಆ ಆಟೋದವನು ಕೊಡದ ಲೆಕ್ಕದಲ್ಲಿ ಹೇಳಿದ್ದರೆ ನಾನು ಬುಧವಾರವೇ ಏಳುತ್ತಿದ್ದೆನೋ ಏನೋ.

ಇನ್ನೊಂದು ಮಾತು. ನಾವೆಲ್ಲ ಹೊಳೆ ಕಡೆಗೇ ಕಣ್ಣಿಟ್ಟು ಕೂತಿದ್ದೆವು. ನೀರು ಬಂದಿದ್ದು ಹಿಂದಿನಿಂದ, ಚರಂಡಿಯಿಂದ. ಹೊಳೆ ಏರಿದರೆ ಚರಂಡಿ ನೀರಿಗೆ ಹೋಗೋಕೆ ದಾರಿ ಇಲ್ಲ, ವಾಪಸ್ ಓಣಿಗೇ ತಿರುಗುತ್ತೆ. ಸಂಜೆ ಬಚ್ಚಲ ತೂಬಿನಲ್ಲಿ ಗುಳುಗುಳು ಸದ್ದು. ಇಣುಕಿದರೆ ಕಪ್ಪು ನೀರು ಮೇಲಕ್ಕೆ ಬರುತ್ತಿತ್ತು, ಜೊತೆಗೆ ಎರಡು ಜಿರಳೆ.

ಆಗಲೂ ನಾನು ಏಳಲಿಲ್ಲ. ಕಲಶ ಇಟ್ಟ ದಿನವೇ ಕದಲಿಸೋದು ಹೇಗೆ? ನಿಮ್ಮಪ್ಪ ಬೈದರು. ನಮ್ಮನ್ನು ಕರೆದೊಯ್ಯಲು ಬಂದಿದ್ದವರಲ್ಲಿ ಒಬ್ಬರು "ಜೀವ ಮುಖ್ಯನಾ, ಚೊಂಬು ಮುಖ್ಯನಾ?" ಅಂತ ರೇಗಿದರು. ಚೊಂಬು ಅಂದಿದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂದು ಬಾಗಿಲು ಹಾಕಿಕೊಂಡೆ. ಕೊನೆಗೆ ಒಬ್ಬ ಹೋಂಗಾರ್ಡ್ ಹುಡುಗಿ, ನಿನಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ನೀರಿನಲ್ಲಿ ಚಪ್ಪಲಿ ಬಿಟ್ಟಳು ನೋಡು. "ಆಂಟಿ, ಕಲಶ ನೀವು ಹಿಡ್ಕೊಳ್ಳಿ, ಹಣ್ಣಿನ ತಟ್ಟೆ ನಾನು ತರ್ತೀನಿ. ಅಲ್ಲೇ ಇಟ್ಟು ಆರತಿ ಮಾಡಿದರಾಯ್ತು" ಅಂದಳು. ಐದು ನಿಮಿಷದಲ್ಲಿ ನಾನು ಟ್ರ್ಯಾಕ್ಟರ್‌ನಲ್ಲಿದ್ದೆ.

ನೀವೆಲ್ಲ "ಬಿಟ್ಟು ಬನ್ನಿ, ಬಿಟ್ಟು ಬನ್ನಿ" ಅಂತೀರಿ. ಅವರಿಗೆ ಕೇಳಿಸೋದು "ಬಿಟ್ಟು" ಅನ್ನೋದು ಮಾತ್ರ. ಏನು ತಗೊಂಡು ಬರ್ತೀರಿ ಅಂತ ಕೇಳು. ನಿನ್ನ ಹಳ್ಳಿಗಳಲ್ಲಿ ಎಮ್ಮೆ ಜಾಸ್ತಿ ಅಂದಿದ್ದೆ ಅಲ್ವಾ? ಎಮ್ಮೆ ಕಟ್ಟೋಕೆ ಜಾಗ, ಹಾಕೋಕೆ ಮೇವು ಮೊದಲು ನೋಡು. ಎಮ್ಮೆ ಹೊರಟರೆ ಯಜಮಾನ ಹಿಂದೆಯೇ ಬರುತ್ತಾನೆ. ಘಟಪ್ರಭೆಯ ದಡದವರಾದರೂ ಅಷ್ಟೇ, ತುಂಗಭದ್ರೆಯ ದಡದವರಾದರೂ ಅಷ್ಟೇ.

ಮೊದಲು ಗಂಜಿ ಕೇಂದ್ರ ಅಂತಿದ್ದರು, ಈಗ ಕಾಳಜಿ ಕೇಂದ್ರ ಅಂತ ಹೆಸರು. ಹೆಸರು ಚೆನ್ನಾಗಿದೆ. ಆದರೆ ನಾವಿದ್ದ ಶಾಲೆಯಲ್ಲಿ ಹೆಂಗಸರ ಪಾಯಿಖಾನೆಗೆ ಬೀಗ, ಬೀಗದ ಕೈ ಯಾರ ಹತ್ತಿರ ಇದೆಯೋ ಯಾರಿಗೂ ಗೊತ್ತಿಲ್ಲ. ಅನ್ನ ಸಾರಿಗೆ ಕೊರತೆ ಇರಲಿಲ್ಲ, ಮಂಡಕ್ಕಿಯಂತೂ ಮೂಟೆಗಟ್ಟಲೆ. ಆದರೆ ಒಂದು ರಾತ್ರಿ ಕಳೆದಿದ್ದೇ ಎಷ್ಟೋ ಹೆಂಗಸರು ನೆಂಟರ ಮನೆ ಹುಡುಕಿಕೊಂಡು ಹೋದರು, ಕೆಲವರು ನೀರಿದ್ದ ಮನೆಗೇ ವಾಪಸ್. ಯಾಕೆ ಅಂತ ಯಾವ ಗಂಡಸಿಗೂ ಹೊಳೆಯಲಿಲ್ಲ. ನೀನು ಹೋದ ತಕ್ಷಣ ಬೀಗದ ಕೈ ಎಲ್ಲಿದೆ ಅಂತ ಕೇಳು.

ಕಲಶದ ಕಥೆ ಏನಾಯಿತು ಗೊತ್ತಾ? ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೆ. ಸೋಮವಾರ ಬಕ್ರೀದ್ ಇತ್ತು, ಹಿಂದಿನ ಓಣಿಯವರು ತಮ್ಮ ಆಡನ್ನೂ ಕರೆತಂದು ಅದೇ ಕೋಣೆಯಲ್ಲಿ ಕಟ್ಟಿದ್ದರು. ಬೆಳಿಗ್ಗೆ ಏಳುವಷ್ಟರಲ್ಲಿ ಅದು ಮಾವಿನೆಲೆ, ವೀಳ್ಯದೆಲೆ ಎಲ್ಲ ತಿಂದು ಮುಗಿಸಿತ್ತು. ಆ ಮನೆಯಾಕೆ ಕೈ ಕೈ ಹಿಸುಕಿಕೊಂಡು ನಿಂತಳು. ನಮ್ಮತ್ತೆ ಮಾತ್ರ "ಹೋಗಲಿ ಬಿಡವ್ವ, ಕದಲಿಸೋ ಕೆಲಸ ಅದೇ ಮಾಡ್ತು" ಅಂದರು. ಮೂರು ದಿನದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ.

ನೀರು ಇಳಿದ ಮೇಲಿನದ್ದು ಇನ್ನೂ ಕಷ್ಟ. ಇಳಿಯಿತು ಅಂತ ಜನರನ್ನು ತಕ್ಷಣ ಒಳಗೆ ಬಿಡಬೇಡ. ಮಣ್ಣಿನ ಗೋಡೆ ನೀರು ಕುಡಿದು ನಿಂತೇ ಇರುತ್ತೆ, ಬಿಸಿಲು ಬಿದ್ದು ಒಣಗುವಾಗ ಬೀಳುತ್ತೆ. ನಮ್ಮ ಎದುರು ಮನೆಯ ಗೋಡೆ ಬಿದ್ದಿದ್ದು ನೀರು ಹೋಗಿ ಮೂರನೇ ದಿನ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಆಮೇಲೆ ಯಾರಿಗೆ ಎಷ್ಟು ನಷ್ಟ ಅಂತ ಬರೆದುಕೊಳ್ಳೋಕೆ ಹೋಗುತ್ತೀಯಲ್ಲ, ಆಗ ಗೋಡೆ ನೋಡು. ಅವತ್ತು ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು. ನಾನು ಎರಡು ದಿನ ಕೆಸರು ಎತ್ತಿ, ಫಿನಾಯಿಲ್ ಹಾಕಿ ತೊಳೆದಿದ್ದೆ. ಬರೆದುಕೊಳ್ಳಲು ಬಂದವರು ಬಾಗಿಲಲ್ಲೇ ನಿಂತು "ಇಲ್ಲಿ ನೀರೇ ಬಂದಂಗಿಲ್ವಲ್ಲ" ಅಂದರು! ಮನೆ ಗಲೀಜಾಗಿಟ್ಟಿದ್ದರೆ ದುಡ್ಡು ಬೇಗ ಬರುತ್ತಿತ್ತೇನೋ. ಕೊನೆಗೆ ಕ್ಯಾಲೆಂಡರ್ ಎತ್ತಿ ತೋರಿಸಿದೆ. ಅದರ ಹಿಂದೆ ಗೆರೆ ಹಾಗೇ ಇತ್ತು, ಕಂದು ಬಣ್ಣದ್ದು, ಸ್ಕೇಲ್ ಇಟ್ಟು ಎಳೆದ ಹಾಗೆ. ಎರಡು ಸಲ ಸುಣ್ಣ ಹೊಡೆಸಿದರೂ ಮಳೆಗಾಲದಲ್ಲಿ ಈಗಲೂ ಅದು ಎದ್ದು ಕಾಣುತ್ತೆ.

ಇನ್ನೊಂದು ಹೇಳೋದು ಮರೆತೆ. ಕಾಗದ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಇಡಿ ಅಂತ ಹೇಳ್ತೀರಲ್ಲ, ಕವರಿಗೆ ತೂತು ಬೀಳುತ್ತೆ. ನಾನು ರೇಷನ್ ಕಾರ್ಡು, ಆಧಾರ್, ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಎಲ್ಲ ಐದು ಲೀಟರಿನ ಕುಕ್ಕರ್‌ಗೆ ಹಾಕಿ, ಗ್ಯಾಸ್ಕೆಟ್ ಸಮೇತ ಮುಚ್ಚಳ ಬಿಗಿದಿದ್ದೆ. ಟ್ರ್ಯಾಕ್ಟರ್‌ನಲ್ಲಿ ಎಲ್ಲರೂ "ಬೇಳೆ ಬೇಯಿಸಿಕೊಂಡೇ ಬಂದ್ಯಾ" ಅಂತ ಕೇಳೋರೇ. ಈ ಕೆಲಸಕ್ಕೆ ಸೇರುವಾಗ ನೀನು ತೋರಿಸಿದ ಮಾರ್ಕ್ಸ್ ಕಾರ್ಡು ಅದೇ.

ಅಲ್ಲಿ ನಿನ್ನನ್ನು ತಲಾಠಿ ಅಕ್ಕಾರು ಅಂತಾರಂತೆ, ಅಜ್ಜಿಗೆ ಹೇಳಿದ್ದಕ್ಕೆ ಓಣಿಗೆಲ್ಲ ಸಾರಿ ಬಂದರು. ಕಾಲಿಗೆ ಗಮ್‌ಬೂಟ್ ಇಲ್ಲದೆ ನೀರಿಗೆ ಇಳಿಯಬೇಡ. ಒಬ್ಬಳೇ ತೆಪ್ಪ ಹತ್ತಬೇಡ. ನೀರು ಇಳಿದ ಮೇಲೆ ರಜೆ ಸಿಕ್ಕರೆ ಬಾ, ಗೋಕಾಕದ ಕರದಂಟು ತರೋದು ಮರೀಬೇಡ. ಅಜ್ಜಿಗೆ ಹಲ್ಲಿಲ್ಲ, ಮೆತ್ತಗಿರೋದು ನೋಡಿ ತಾ.

ನಿನ್ನ
ಅಮ್ಮ