ಫಾರಂ 22 ಇಲ್ಲದ ಡರ್ಟ್ ಬೈಕು: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಒಂದು ಬದಿಗಿದ್ದರೆ ಅಡಿಕೆ ತೋಟ ಇನ್ನೊಂದು ಬದಿಗೆ, ನಡುವೆ ಡಾಂಬರು ರಸ್ತೆ. ಮಳೆಗಾಲದ ಜಾರುವ ಏರಿಗೆ 80 ಕಿಲೋ ಆಸುಪಾಸಿನ 110, 125 ಸಿಸಿ ಡರ್ಟ್ ಬೈಕು, ಅಂದರೆ ರಸ್ತೆಗಲ್ಲದೆ ಮಣ್ಣು ದಾರಿಗೆಂದೇ ಮಾಡಿದ ಬೈಕು, ಹೇಳಿ ಮಾಡಿಸಿದ್ದು. ತೋಟದೊಳಗೆ ಅಡ್ಡಿಯಿಲ್ಲ. ಡಾಂಬರಿಗೆ ಚಕ್ರ ಇಟ್ಟ ಕೂಡಲೇ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿ ಬೇಕು. ನೋಂದಣಿಯೇ ಆಗದ ಇಂಥ ಗಾಡಿಗೆ ರಸ್ತೆಯ ವಿಮೆಯೂ ಸಿಗುವುದು ಕಷ್ಟ. ಯಾರಿಗಾದರೂ ತಾಗಿದರೆ ಪರಿಹಾರವೆಲ್ಲ ಮಾಲೀಕನ ತಲೆಗೆ.

"ಲೈಟು, ಹಾರನ್, ಕನ್ನಡಿ ಹಾಕ್ಸಿ, ಆರ್‌ಟಿಒದಲ್ಲಿ ಮಾಡಿಸಿಕೊಡ್ತೀವಿ" ಅಂತ ಮಾರುವವರಿದ್ದಾರೆ. ಅದು ಆಗದ ಮಾತು. ಹೊಸ ಗಾಡಿಗೆ ಫಾರಂ 20ರ ಅರ್ಜಿಯ ಜೊತೆ ಡೀಲರ್ ಕೊಡುವ ಫಾರಂ 21 (ಮಾರಾಟದ ಪತ್ರ), ತಯಾರಕರು ಕೊಡುವ ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಎಂಬ ಪತ್ರ) ಇರಬೇಕು. ವಾಹನ ಪರೀಕ್ಷಿಸುವ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಆ ಮಾದರಿ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪರೀಕ್ಷೆ ಪಾಸಾಗಿರದಿದ್ದರೆ ಫಾರಂ 22 ಬರುವುದೇ ಇಲ್ಲ. ಗುಜರಿ ಬೈಕಿನ ಆರ್‌ಸಿ ತಂದು ಚಾಸಿಸ್ ನಂಬರ್ ಕೊರೆಯಿರಿ ಎನ್ನುವ ಮಹಾನುಭಾವರೂ ಉಂಟು. ಅದು ಜೈಲಿನ ದಾರಿ.

ಬಿಡಿಭಾಗ ಕೂರಿಸುವುದು ಕಷ್ಟವಲ್ಲ, ಆದರೆ ಹೆಚ್ಚಿನ ಕಡೆ ತಪ್ಪಾಗಿಯೇ ಕೂರಿಸುತ್ತಾರೆ. ಇಂಥ ಅನೇಕ ಬೈಕುಗಳಲ್ಲಿ ಬ್ಯಾಟರಿಯಿಲ್ಲ, ಮ್ಯಾಗ್ನೆಟ್ ಕಾಯಿಲ್ ಸ್ಪಾರ್ಕಿಗಷ್ಟೇ ಸಾಲುತ್ತದೆ. ದೀಪಕ್ಕೆಂದೇ ಬೇರೆ ಲೈಟಿಂಗ್ ಕಾಯಿಲ್ ಇದ್ದರೂ ಅದರಿಂದ ನೇರ ವೈರ್ ಎಳೆದರೆ ಐಡಲ್‌ನಲ್ಲಿ ದೀಪ ಮಿಣುಕುತ್ತದೆ, ರೇಸ್ ಕೊಟ್ಟರೆ ಬಲ್ಬು ಸುಡುತ್ತದೆ. ಲೈಟಿಂಗ್ ಕಾಯಿಲ್ ಇರುವ ಸ್ಟೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಕೊಡುವ ಭಾಗ), ಆ ಕರೆಂಟನ್ನು ಹದಕ್ಕೆ ತಂದು ಡಿಸಿ ಮಾಡುವ 12 ವೋಲ್ಟಿನ ರೆಗ್ಯುಲೇಟರ್-ರೆಕ್ಟಿಫೈಯರ್, ಸಣ್ಣ ಬ್ಯಾಟರಿ ಮೂರೂ ಬೇಕು. ಎಲ್‌ಇಡಿ ಇಂಡಿಕೇಟರಿಗೆ ಹಳೇ ಫ್ಲ್ಯಾಷರ್ (ಮಿನುಗಿಸುವ ರಿಲೇ) ಹಾಕಿದರೆ ಪಟಪಟ ಬಡಿಯುತ್ತದೆ, ಇಲ್ಲವೇ ಮಿನುಗುವುದೇ ಇಲ್ಲ. ಬ್ರೇಕ್ ಲೈಟು ಮುಂದಿನ ಲಿವರಿಗೂ ಹತ್ತಬೇಕು. ಲಿವರಿನಲ್ಲಿ ಸ್ವಿಚ್ಚಿಗೆ ಜಾಗವಿಲ್ಲದಿದ್ದರೆ ಬ್ರೇಕ್ ಆಯಿಲ್ ಪೈಪನ್ನು ಹಿಡಿಯುವ ಬ್ಯಾಂಜೋ ಬೋಲ್ಟಿನ ಪ್ರೆಶರ್ ಸ್ವಿಚ್ ಹಾಕಿ, ಪೈಪಿನೊಳಗಿನ ಗಾಳಿ ಪೂರ್ತಿ ಹೋಗುವ ತನಕ ಬ್ಲೀಡ್ ಮಾಡಬೇಕು. ಇನ್ನು ಬಟನ್ ಟಯರ್: ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿದರೆ ಟಯರಿನ ರಬ್ಬರ್ ಬಟನ್‌ಗಳು ಬಾಗುತ್ತವೆ, ಹಿಡಿತ ತಪ್ಪುತ್ತದೆ. ಆಗುಂಬೆ ಘಾಟಿಯ ತಿರುವಿಗೆ ಅದು ಬೇಡವೇ ಬೇಡ.

ಇಷ್ಟೆಲ್ಲ ಸರಿಯಾದರೂ ಬಿಎಸ್-6 ಹೊಗೆ ಮಿತಿ, ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡಿಯುವ ಕಂಬೈಂಡ್ ಬ್ರೇಕ್ ಅಥವಾ ಚಕ್ರ ಲಾಕ್ ಆಗದ ಎಬಿಎಸ್‌ನ ನಿಯಮ ಉಳಿಯುತ್ತವೆ. ಅವು ಶೆಡ್ಡಿನಲ್ಲಿ ಆಗುವ ಕೆಲಸವಲ್ಲ. ನೋಂದಣಿಯಾಗುವ ಹೀರೋ ಎಕ್ಸ್‌ಪಲ್ಸ್ ಬೈಕು ಇದೆಯಲ್ಲ ಎಂದರೆ, ಅದರ ತೂಕ 150 ಕಿಲೋ ಮೇಲೆ. ಕೆಸರಲ್ಲಿ ಬಿದ್ದರೆ ಒಬ್ಬನೇ ಎತ್ತುವುದು ಹೈರಾಣು.

ನಿಯಮ ತಿದ್ದುವುದು ಕೇಂದ್ರದ ಕೈಲಿದೆ, ಗೊತ್ತು. 125 ಸಿಸಿ ಒಳಗಿನ ಫೋರ್ ಸ್ಟ್ರೋಕ್ ಬೈಕಿಗೆ, ಇಡೀ ಮಾದರಿಗಲ್ಲದೆ ಒಂದೊಂದು ಗಾಡಿಗೇ ಬಿಡಿಯಾಗಿ, ದೀಪ, ಬ್ರೇಕು, ಶಬ್ದ, ಹೊಗೆ ಪರೀಕ್ಷಿಸಿ, ವೇಗಮಿತಿ ಹಾಕಿ, ತೋಟದ ಆಸುಪಾಸಿನ ರಸ್ತೆಗಷ್ಟೇ ಪರವಾನಗಿ ಕೊಡುವ ದಾರಿ ಮಾಡಿ ಎಂದು ರಾಜ್ಯದಿಂದ ದೆಹಲಿಗೆ ಬರೆಯಿರಿ. ಅಲ್ಲಿಯವರೆಗೆ ಶಿವಮೊಗ್ಗ, ಸಾಗರದ ಆರ್‌ಟಿಒ ಕಚೇರಿಗಳಲ್ಲೂ ಬೈಕ್ ಮಾರುವ ಅಂಗಡಿಗಳಲ್ಲೂ ದೊಡ್ಡ ಕನ್ನಡ ಅಕ್ಷರದ ಫಲಕ ಹಾಕಿಸಿ: "ಫಾರಂ 22 ನೋಡದೆ ದುಡ್ಡು ಕೊಡಬೇಡಿ." ಇದಕ್ಕೆ ತಿದ್ದುಪಡಿ ಬೇಕಿಲ್ಲ, ನಿಮ್ಮದೊಂದು ಸುತ್ತೋಲೆ ಸಾಕು.

ಇಂತಿ,
ಶಿವಮೊಗ್ಗ ಜಿಲ್ಲೆಯ ಕೆಲವು ಮೆಕ್ಯಾನಿಕರು ಮತ್ತು ಸವಾರರು