ಭಾನುವಾರ ನಿಘಂಟು ತನ್ನಿ

ಗೆಳೆಯರೇ, ಈ ಭಾನುವಾರ ಬೆಳಿಗ್ಗೆ 7ಕ್ಕೆ ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಸೇರೋಣ. ಮನೆಯಲ್ಲಿರುವ ಇಂಗ್ಲಿಷ್ ನಿಘಂಟು ತನ್ನಿ. ಬರೀ ಅರ್ಥ ಇದ್ದರೆ ಸಾಲದು, ಪದದ ಮೂಲವೂ ಇರಬೇಕು.

ಈ ಸಲ ನಮ್ಮ ತೋಟದ ಪದಗಳು. ಕೊಬ್ಬರಿಗೆ ಇಂಗ್ಲಿಷಿನಲ್ಲಿ ಕೋಪ್ರಾ ಅಂತಾರೆ. ಮಲಯಾಳದ ಕೊಪ್ಪರ ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಗೆ ಹೋಯಿತು. ತಿಪಟೂರು ಮಾರುಕಟ್ಟೆಯಲ್ಲಿ ಕೇಳುವ ನಮ್ಮ ಪದಕ್ಕೆ ನೆಂಟನೇ ಅಲ್ವಾ! ಅಡಿಕೆಯ ಅರೆಕಾ ಕೂಡ ಅದೇ ದಾರಿ ಹಿಡಿದದ್ದು.

ನನಗೆ ಜಾಸ್ತಿ ಇಷ್ಟವಾದದ್ದು ಕೋಕೋನಟ್. ತೆಂಗಿನಕಾಯಿ ಸುಲಿದು ಜುಟ್ಟು ಕಿತ್ತರೆ ಮೂರು ಕಣ್ಣು ಕಾಣುತ್ತವಲ್ಲ, ಪೋರ್ಚುಗೀಸರಿಗೆ ಅದು ಮಕ್ಕಳನ್ನು ಹೆದರಿಸುವ ಗುಮ್ಮನ ಮುಖದ ಹಾಗೆ ಕಂಡಿತು. ಅವರ ಮಾತಿನಲ್ಲಿ ಆ ಗುಮ್ಮನೇ 'ಕೋಕೋ'.

ಒಬ್ಬೊಬ್ಬರೂ ಒಂದೊಂದು ಪದ ಹುಡುಕಿ ಬನ್ನಿ. ಮಕ್ಕಳನ್ನೂ ಕರೆತನ್ನಿ.